ಕೆಲಸಕ್ಕೆ ಸೀರೆ ಉಡಿಸಿದವರು

ಸಂಜೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ. ಹೊರಗೆ ಬಂದ ಹೆಂಗಸರು ತಕ್ಷಣ ಆಟೊ, ಬಸ್ಸಿನ ಕಡೆ ಓಡುವುದಿಲ್ಲ. ಒಂದೆರಡು ನಿಮಿಷ ಅಲ್ಲೇ ನಿಂತು ಒಬ್ಬರ ಬೆನ್ನು, ಹೆಗಲು, ಜಡೆಗೆ ಅಂಟಿದ ದಾರದ ತುಣುಕುಗಳನ್ನು ಇನ್ನೊಬ್ಬರು ಆರಿಸಿ ತೆಗೆಯುತ್ತಾರೆ. ನೀಲಿ, ಬಿಳಿ, ಕಪ್ಪು. ಆ ದಿನ ಯಾವ ಬಣ್ಣದ ಆರ್ಡರ್ ಓಡಿತ್ತೋ ಆ ಬಣ್ಣದ ದಾರ. ಯಾಕಿಷ್ಟು ಜತನ ಅಂತ ಕೇಳಿದ್ದಕ್ಕೆ ಒಬ್ಬಾಕೆ ನಕ್ಕಳು: "ಅನ್ನದಾಗೆ ದಾರ ಸಿಕ್ರೆ ನಮ್ಮತ್ತೆ ಬಿಡ್ತಾರೇನ್ರಿ ಮೇಡಂ? ಅದಕ್ಕೆ ಗಾರ್ಮೆಂಟ್ಸ್‌ನ ಇಲ್ಲೇ ಉದುರಿಸಿ ಹೋಗ್ತೀವಿ."

ಆಕೆಯ ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಅವನು ಗ್ರೀಸ್ ಮೆತ್ತಿದ ಅಂಗಿಯಲ್ಲೇ ಮನೆಗೆ ಬರುತ್ತಾನಂತೆ. ಆ ಗ್ರೀಸ್ ಕಂಡರೆ ಅದೇ ಅತ್ತೆ "ಪಾಪ, ದುಡಿದು ಬಂದಾನೆ" ಅಂತ ನೀರು ಕಾಯಿಸಲು ಏಳುತ್ತಾರೆ. ಅಂಗಿಯ ಮೇಲಿನ ಗ್ರೀಸು ದುಡಿಮೆಯ ಗುರುತು, ಸೀರೆಯ ಮೇಲಿನ ದಾರ ಕಸ. ಎರಡೂ ದುಡಿದ ಮೈಮೇಲೆಯೇ ಅಂಟಿದ್ದವು. ಯಾವುದು ಗುರುತು, ಯಾವುದು ಕಸ ಅಂತ ಯಾರು ತೀರ್ಮಾನಿಸಿದರು ಅನ್ನುವುದೇ ಈ ವಾರದ ಪ್ರಶ್ನೆ.

ಹೆಣ್ಣಿನ ಸ್ವಭಾವ, ಗಂಡಿನ ಸ್ವಭಾವ ಅಂತ ನಾವು ಹೇಳುವ ಮಾತುಗಳಲ್ಲಿ ಬಹುಪಾಲು ಕೆಲಸದ ಮಾತುಗಳೇ. ಯಾರು ಏನು ಮಾಡಬೇಕು, ಎಷ್ಟು ಹೊತ್ತು ಹೊರಗಿರಬಹುದು, ಎಷ್ಟು ಕೂಲಿ ಕೇಳಬಹುದು ಅನ್ನುವುದನ್ನೇ ಸ್ವಭಾವದ ಹೆಸರಲ್ಲಿ ಹೇಳುತ್ತೇವೆ. ಕೆಲಸ ತನ್ನಷ್ಟಕ್ಕೆ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಅದಕ್ಕೆ ಸೀರೆಯನ್ನೋ ಪಂಚೆಯನ್ನೋ ನಾವೇ ಉಡಿಸುತ್ತೇವೆ. ಕೂಲಿಯ ಲೆಕ್ಕ ಬದಲಾದಾಗ ಬಟ್ಟೆಯನ್ನೂ ಬದಲಿಸುತ್ತೇವೆ. ಇದನ್ನು ಕಾಣಲು ದಾವಣಗೆರೆಗಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಇಲ್ಲಿ ಹತ್ತಿ ಇದೆ, ಹೊಲಿಗೆ ಇದೆ, ದೋಸೆಯೂ ಇದೆ.

ಮೊದಲು ಹತ್ತಿ. ನೂಲುವುದು ಸಾವಿರಾರು ವರ್ಷ ಹೆಂಗಸರ ಕೆಲಸ. ಹನ್ನೆರಡನೇ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ ಇದ್ದಾಳೆ. ನೂಲುವ ಕದಿರೇ ಅವಳ ಹೆಸರು. ಹಾಗೆಯೇ ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ. ಇಂಥವರ ಮಗಳು, ಇಂಥವರ ಹೆಂಡತಿ ಅನ್ನುವುದಕ್ಕಿಂತ ಮೊದಲು ಮಾಡುವ ಕೆಲಸದಿಂದ ಗುರುತಿಸಿಕೊಂಡ ಹೆಂಗಸರು ಇವರು. ಎಂಟುನೂರು ವರ್ಷದ ಮೇಲೆ ನಮ್ಮ ಪಡಿತರ ಚೀಟಿಗಳಲ್ಲಿ 'ಕೋಂ' ಅನ್ನುವ ಅಕ್ಷರದಿಂದ ಗುರುತಿಸಿಕೊಳ್ಳುವ ಹೆಂಗಸರನ್ನು ನೋಡಿದರೆ ರೆಮ್ಮವ್ವೆ ಏನೆನ್ನುತ್ತಿದ್ದಳೋ.

ಹೆಂಗಸಿನ ಕೈಯಲ್ಲಿದ್ದ ನೂಲು ಕಾರ್ಖಾನೆಗೆ ಬಂದಾಗ ಕಥೆ ತಿರುಗಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದು ನಾವೆಲ್ಲ ಬೀಗಿದ್ದೇವೆ. ಅಸಲಿ ಮ್ಯಾಂಚೆಸ್ಟರಿನಲ್ಲಿ ಏನಾಯಿತು ನೋಡಿ. ಇಂಗ್ಲಿಷಿನಲ್ಲಿ ಮದುವೆಯಾಗದ ಹೆಂಗಸಿಗೆ 'ಸ್ಪಿನ್‌ಸ್ಟರ್' ಅನ್ನುತ್ತಾರೆ. ಆ ಪದದ ಮೂಲ ಅರ್ಥ ನೂಲುವವಳು. ನೂಲುವುದು ಅಷ್ಟರಮಟ್ಟಿಗೆ ಹೆಣ್ಣಿನ ಕೆಲಸವಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಉಗಿಯ ಬಲದಿಂದ ಓಡುವ 'ಮ್ಯೂಲ್' ಯಂತ್ರಗಳು ಬಂದವು, ನೂಲುವವನ ಕೂಲಿ ಏರಿತು, ಗಂಡಸರ ಸಂಘಗಳು ಗಟ್ಟಿಯಾದವು. ನೋಡನೋಡುತ್ತ ಯಂತ್ರದ ನೂಲುವಿಕೆ ಗಂಡಸರ ಕಸುಬಾಯಿತು. ಹೆಂಗಸರಿಗೆ ಶಕ್ತಿ ಸಾಲದು ಅನ್ನುವ ಕಾರಣ ಆಮೇಲೆ ಹುಟ್ಟಿಕೊಂಡಿತು. ಯಂತ್ರ ತಾನಾಗಿ ಓಡುವಷ್ಟು ಸಲೀಸಾದ ಮೇಲೂ ಆ ಕಾರಣ ಹೋಗಲಿಲ್ಲ.

ನಮ್ಮಲ್ಲೂ ಅಷ್ಟೆ. 1920ರ ದಶಕದ ಮುಂಬೈ ಬಟ್ಟೆ ಗಿರಣಿಗಳಲ್ಲಿ ಹೆಚ್ಚುಕಡಿಮೆ ಐವರು ಕಾರ್ಮಿಕರಲ್ಲಿ ಒಬ್ಬರು ಹೆಂಗಸಿದ್ದರು, ಅದೂ ಬಹುಪಾಲು ವೈಂಡಿಂಗ್, ರೀಲಿಂಗ್ ಖಾತೆಗಳಲ್ಲಿ. ರಾತ್ರಿ ಪಾಳಿ ಬಂತು, ಹೊಸ ಯಂತ್ರ ಬಂತು, ಹೆರಿಗೆ ಭತ್ಯೆ ಕೊಡಬೇಕೆಂಬ ಕಾನೂನು ಬಂತು. ಮಾಲೀಕರು ಹೆಂಗಸರನ್ನು ಸೇರಿಸಿಕೊಳ್ಳುವುದನ್ನೇ ಕಡಿಮೆ ಮಾಡಿದರು. ದಾವಣಗೆರೆಯಲ್ಲಿ ಕಾಟನ್ ಮಿಲ್ ನಡೆದ ಕಾಲದಲ್ಲಿ, ತೋಳಹುಣಸೆಯ ಯಲ್ಲಮ್ಮ ಮಿಲ್ ನಡೆದ ಕಾಲದಲ್ಲಿ, ಯಂತ್ರದ ಮುಂದೆ ನಿಂತವರು ಬಹುತೇಕ ಗಂಡಸರೇ. ಇವತ್ತು ಡಿಸಿಎಂ ಟೌನ್‌ಶಿಪ್ ಅನ್ನುವ ಬಡಾವಣೆಯ ಹೆಸರು ಉಳಿದಿದೆ. ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ತಲೆಮಾರಿಗೆ ವಯಸ್ಸಾಗಿದೆ.

ಹತ್ತಿ ಹೊಲದಿಂದ ಅಂಗಡಿಗೆ ಹೋಗುವ ದಾರಿಯನ್ನೇ ಒಮ್ಮೆ ಹಿಡಿದು ನೋಡಿ. ಹೊಲದಲ್ಲಿ ಹತ್ತಿ ಬಿಡಿಸುವುದು ಹೆಣ್ಣಾಳು. ದಲಾಲಿ ಅಂಗಡಿಯಲ್ಲಿ ತೂಗಿ ರೇಟು ಕೂಗುವುದು ಗಂಡಸರು. ಮಿಲ್ಲಿನಲ್ಲಿ ನೂತವರು ಗಂಡಸರು. ಬಟ್ಟೆಯಾಗಿ ಬಂದ ಮೇಲೆ ಹೊಲಿಯುವುದು ಕರೂರಿನ ಹೆಂಗಸರು. ಅಂಗಡಿಯಲ್ಲಿ ಅದನ್ನು ಮಾರಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಮತ್ತೆ ಗಂಡಸರು. ಒಂದೇ ಎಳೆ ಎಷ್ಟು ಸಲ ಹೆಣ್ಣಾಗಿ, ಎಷ್ಟು ಸಲ ಗಂಡಾಯಿತು! ಎಳೆಗೆ ಇದರ ಗೊಡವೆಯೇ ಇಲ್ಲ.

ಹೊಲಿಗೆಯ ಕಥೆ ಇನ್ನೂ ಸೊಗಸು, ಅದು ಉಲ್ಟಾ ಓಡಿದ್ದು. ನಾನು ಚಿಕ್ಕವಳಿದ್ದಾಗ ಟೈಲರ್ ಅಂದರೆ ಗಂಡಸೇ. ಕೊರಳಿಗೆ ಟೇಪು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಬಾಯಲ್ಲಿ ಎಲೆಯಡಿಕೆ. ಹಬ್ಬಕ್ಕೆ ಹದಿನೈದು ದಿನ ಮೊದಲು ಬಟ್ಟೆ ಕೊಟ್ಟು ಅವನ ಮುಂದೆ ಕೈಮುಗಿದು ನಿಲ್ಲಬೇಕು. 'ದರ್ಜಿ' ಅನ್ನುವ ಪದಕ್ಕೆ ಕನ್ನಡದಲ್ಲಿ ಬಳಕೆಯ ಸ್ತ್ರೀರೂಪವೇ ಇಲ್ಲ, ನೋಡಿ. ಅದು ಅಳತೆ ಬಲ್ಲವನ, ಕತ್ತರಿ ಬಲ್ಲವನ, ತನ್ನ ರೇಟು ತಾನೇ ಹೇಳುವವನ ಕಸುಬು. ಅದೇ ಹೊಲಿಗೆಯನ್ನು ಐವತ್ತು ತುಂಡು ಮಾಡಿ, ಒಬ್ಬಳಿಗೆ ಕಾಲರ್ ಮಾತ್ರ, ಒಬ್ಬಳಿಗೆ ಕಫ್ ಮಾತ್ರ, ಒಬ್ಬಳಿಗೆ ಜೇಬು ಮಾತ್ರ ಕೊಟ್ಟು, ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ ಹಾಕಿ ಲೈನಿನಲ್ಲಿ ಕೂರಿಸಿದಾಗ ಅದು ಹೆಂಗಸರ ಕೆಲಸವಾಯಿತು. ಅಂಗಿ ಅದೇ. ಆದರೆ ಹತ್ತು ವರ್ಷ ಕಾಲರ್ ಹೊಲಿದ ಆಪರೇಟರಿಗೆ ಒಂದು ಇಡೀ ಅಂಗಿಯನ್ನು ಕತ್ತರಿಸಿ ಹೊಲಿಯಲು ಬರದೇ ಇರಬಹುದು. ಕಟಿಂಗ್ ಟೇಬಲ್ಲಿನ ಮುಂದೆ ಗಂಡಸು, ಯಂತ್ರ ಕೆಟ್ಟರೆ ರಿಪೇರಿಗೆ ಬರುವವನು ಗಂಡಸು. ಲೈನಿನ ತುದಿಯಲ್ಲಿ ನಿಂತು "ಬೇಗ ಬೇಗ" ಅನ್ನುವವನೂ ಹೆಚ್ಚಾಗಿ ಗಂಡಸೇ.

ಇದಕ್ಕೆ ಕೊಡುವ ಕಾರಣ ಕೇಳಿದ್ದೀರಿ: ಹೆಂಗಸರ ಬೆರಳು ನಯ, ಹೆಂಗಸರಿಗೆ ತಾಳ್ಮೆ ಜಾಸ್ತಿ. ಹೌದೇ? ಹಾಗಿದ್ದರೆ ದಾವಣಗೆರೆಯ ಅಕ್ಕಸಾಲಿಗರೆಲ್ಲ ಹೆಂಗಸರಾಗಿರಬೇಕಿತ್ತು. ಸಾಸಿವೆ ಗಾತ್ರದ ಗೆಜ್ಜೆಗೆ ಬೆಸುಗೆ ಹಾಕುವುದಕ್ಕಿಂತ ನಯದ ಕೆಲಸ ಇನ್ನೇನಿದೆ? ಕಣ್ಣಿಗೆ ಬೂದುಗಾಜು ಸಿಕ್ಕಿಸಿಕೊಂಡು ಕೈಗಡಿಯಾರ ಬಿಚ್ಚುವವರು, ಮೊಬೈಲಿನ ಕೂದಲೆಳೆಯಂಥ ತಂತಿ ಜೋಡಿಸುವವರು ಹೆಂಗಸರಾಗಿರಬೇಕಿತ್ತು. ಬಂಗಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆರಳ ನಯದ ಮಾತು ಯಾರೂ ಎತ್ತುವುದಿಲ್ಲ. ನಯವಾದ ಬೆರಳು ಬೇಕಾಗುವುದು ಕೂಲಿ ಕಡಿಮೆ ಇರುವ ಕಡೆ ಮಾತ್ರ. ತಾಳ್ಮೆಯೂ ಅಷ್ಟೆ; ಎದುರು ಮಾತಾಡಿದರೆ ಕೆಲಸ ಹೋಗುತ್ತದೆ ಅನ್ನುವ ಭಯಕ್ಕೆ ಇಟ್ಟ ಮರ್ಯಾದೆಯ ಹೆಸರು ಅದು. ಆ ತಾಳ್ಮೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಎರಡು ದಿನ ಕಾಣಲಿಲ್ಲ. ಪಿಎಫ್ ಹಣ ತೆಗೆಯಲು ಕೇಂದ್ರ ಸರ್ಕಾರ ಹೊಸ ನಿರ್ಬಂಧ ಹಾಕಿದಾಗ ಗಾರ್ಮೆಂಟ್ಸ್‌ನ ಸಾವಿರಾರು ಹೆಂಗಸರು ರಸ್ತೆಗಿಳಿದರು, ಸರ್ಕಾರ ಆದೇಶ ಹಿಂತೆಗೆದುಕೊಂಡಿತು.

ಇನ್ನು ದೋಸೆ. ಊರಿಗೆ ಹೆಸರು ತಂದ ಬೆಣ್ಣೆದೋಸೆಯ ಮೂಲ ಕೇಳಿದರೆ ಹಳಬರು ಚೆನ್ನಮ್ಮನ ಹೆಸರು ಹೇಳುತ್ತಾರೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ನಾಟಕದ ಥಿಯೇಟರಿನ ಹತ್ತಿರ ದೋಸೆ ಹುಯ್ದು ಮಾರಿದ ಹೆಂಗಸು. ಬೆಣ್ಣೆ ಸೇರಿದ್ದು ಆಮೇಲೆ, ಮಕ್ಕಳ ಕಾಲಕ್ಕೆ ಅನ್ನುತ್ತಾರೆ. ಇವತ್ತು ಊರಿನ ಹೆಸರಾಂತ ಬೆಣ್ಣೆದೋಸೆ ಹೋಟೆಲುಗಳ ಕಾವಲಿಯ ಮುಂದೆ ನಿಂತವರನ್ನು ಎಣಿಸಿ. ಗಂಡಸರೇ. ಮನೆಯಲ್ಲಿ ದೋಸೆ ಹುಯ್ಯುವುದು ಹೆಣ್ಣಿಗೆ ಹುಟ್ಟಿನಿಂದ ಬಂದ ಗುಣ, ಹೋಟೆಲಿನಲ್ಲಿ ಹುಯ್ಯುವುದು ಗಂಡಿಗೆ ಕಲಿತು ಬಂದ ವಿದ್ಯೆ. ಮನೆಯ ದೋಸೆಗೆ ದುಡ್ಡು ಕೊಡುವುದಿಲ್ಲ ಅನ್ನುವುದೊಂದೇ ನಡುವಿನ ವ್ಯತ್ಯಾಸ.

ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಕಾನೂನು ಬಂದು ಅರ್ಧ ಶತಮಾನ ಆಯಿತು, 1976ರ ಕಾಯಿದೆ. ಅದರಲ್ಲಿ 'ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ' ಅನ್ನುವ ಮಾತಿತ್ತು. ಹಾಗಾಗಿ ಕೂಲಿ ಬೇರೆ ಮಾಡಬೇಕಾದವರು ಮೊದಲು ಕೆಲಸದ ಹೆಸರು ಬೇರೆ ಮಾಡುತ್ತಾರೆ. ಹೆಂಗಸಾದರೆ 'ಹೆಲ್ಪರ್', ಗಂಡಸಾದರೆ 'ಅಸಿಸ್ಟೆಂಟ್'. ಹೊಲದಲ್ಲಿ ಕಳೆ ತೆಗೆಯುವುದು ಹೆಣ್ಣಾಳಿನ ಕೆಲಸ, ಔಷಧಿ ಹೊಡೆಯುವುದು ಗಂಡಾಳಿನದು. ಎರಡೂ ಬೇರೆ ಅಂದ ಮೇಲೆ ಕಾನೂನಿಗೆ ಕಣ್ಣು ಕಾಣುವುದಿಲ್ಲ.

ಕಾನೂನಿನ ಕಣ್ಣೂ ಸಮಾಜದ ಕಣ್ಣೇ ತಾನೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯನ್ನು ಬಿಡುವಿದ್ದಾಗ ಓದಿ, ಒಳ್ಳೆಯ ಕಾದಂಬರಿಯಷ್ಟೇ ಮಾಹಿತಿ ಸಿಗುತ್ತದೆ. ಅದರ 27ನೇ ಕಲಂ ನಮ್ಮಂಥ ಹತ್ತಿ ಊರಿಗೇ ಬರೆದಂತಿತ್ತು: ಹತ್ತಿ ಬಿಡಿಸುವ ಯಂತ್ರ ಓಡುತ್ತಿರುವ ಪ್ರೆಸ್ಸಿನಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೆಲಸಕ್ಕೆ ಹಚ್ಚುವಂತಿರಲಿಲ್ಲ. ಯಂತ್ರದ ಎರಡು ತುದಿಗಳ ನಡುವೆ ಚಾವಣಿವರೆಗೆ ಗೋಡೆ ಇದ್ದರೆ ಒಂದು ಪಕ್ಕದಲ್ಲಿ ಅವರಿಗೆ ಕೆಲಸ ಕೊಡಬಹುದಿತ್ತು. ಓಡುವ ಯಂತ್ರಕ್ಕೆ ಎಣ್ಣೆ ಹಾಕುವುದನ್ನು ತಡೆಯುವಾಗಲೂ 'ಹೆಂಗಸು ಮತ್ತು ಎಳೆಯರು' ಅಂತ ಒಟ್ಟಿಗೇ ಹೇಳುತ್ತಿತ್ತು. ನಲವತ್ತು ವರ್ಷದ ಹೆಂಗಸು, ಹದಿನೈದರ ಹುಡುಗ ಒಂದೇ ತಕ್ಕಡಿಯಲ್ಲಿ. ಕಾಳಜಿ ನಿಜವೇ ಇರಬಹುದು. ಆದರೆ ಆ ಯಂತ್ರ ಗಂಡಸಿನ ಕೈಯನ್ನೂ ಎಳೆದುಕೊಳ್ಳುತ್ತದಲ್ಲ. ಅವನಿಗೆ ಆ ಗೋಡೆ ಬೇಡವೇ?

66ನೇ ಕಲಂ ಇನ್ನೂ ಮಜವಾಗಿತ್ತು. ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಯಲ್ಲಿ ಹೆಂಗಸರು ಕೆಲಸ ಮಾಡುವಂತಿರಲಿಲ್ಲ. ಅದರ ಕೆಳಗೇ ಒಂದು ವಿನಾಯಿತಿ: ಮೀನು ಒಣಗಿಸುವ, ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಮಾಲು ಕೆಡುವ ಸಂಭವ ಇದ್ದರೆ ಹೆಂಗಸರಿಗೆ ರಾತ್ರಿಯೂ ಕೆಲಸ ಕೊಡಲು ಸರ್ಕಾರ ನಿಯಮ ಮಾಡಬಹುದಿತ್ತು. ರಾತ್ರಿಯಲ್ಲಿ ಹೆಣ್ಣಿಗೆ ಅಪಾಯ ಅಂತ ಬರೆದ ಕೈಯೇ, ಮೀನು ಕೆಡುತ್ತದೆ ಅಂದಾಗ ಅಪಾಯವನ್ನು ಮರೆಯಿತು. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ನರ್ಸುಗಳಿದ್ದಾರೆ. ಅವರನ್ನು ಯಾರೂ ತಡೆಯಲಿಲ್ಲ, ಆರೈಕೆ ಹೆಣ್ಣಿನ ಗುಣ ತಾನೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಊರು ಏಳುವ ಮೊದಲೇ ಹೊಗೆ ಏಳುತ್ತದೆ. ಆ ಮನೆಗಳ ಹೆಂಗಸರು ಕತ್ತಲಲ್ಲೇ ಎದ್ದು ಅಕ್ಕಿಗೆ ಉಪ್ಪುನೀರು ಹಿಡಿಸುವುದಕ್ಕೆ ಯಾವ ಕಲಮೂ ಅಡ್ಡ ಬರಲಿಲ್ಲ. ಕತ್ತಲೆಯ ಭಯ ಎಲ್ಲಿ ಹುಟ್ಟಿತು? ರಾತ್ರಿ ಪಾಳಿಗೆ ಹೆಚ್ಚಿನ ಭತ್ಯೆ ಇದ್ದ ಮಿಲ್ಲುಗಳಲ್ಲಿ.

ಕರ್ನಾಟಕ ಸರ್ಕಾರ 2019ರಲ್ಲಿ ಷರತ್ತುಗಳ ಮೇಲೆ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಎಲ್ಲ ಬಗೆಯ ಕೆಲಸಕ್ಕೂ ಹೆಂಗಸರು ಅರ್ಹರು, ಆಕೆಯ ಒಪ್ಪಿಗೆ ಇದ್ದರೆ ರಾತ್ರಿಯೂ ಸರಿ ಅನ್ನುತ್ತದೆ. ಸಂತೋಷ. ಆದರೆ ಒಪ್ಪಿಗೆ ಯಾರದು? ದಾರ ಉದುರಿಸುತ್ತಿದ್ದ ಆ ಹೆಣ್ಣುಮಗಳನ್ನು ಸೂಪರ್‌ವೈಸರ್ ಆಗು ಅಂತ ಕರೆದಿದ್ದರಂತೆ. "ಬ್ಯಾಡ ಅಂದೆ ಮೇಡಂ. ಸೂಪರ್‌ವೈಸರ್ ಆದ್ರೆ ಲೆಕ್ಕ ಮುಗ್ಸಿ ಕಡೇಗೆ ಹೋಗ್ಬೇಕು. ಎಂಟು ಗಂಟೆಗೆ ಓಣ್ಯಾಗೆ ಕಾಲಿಟ್ರೆ ಕಟ್ಟೆ ಮ್ಯಾಲೆ ಕುಂತೋರು ಟೈಮ್ ನೋಡ್ತಾರೆ." ಕಾನೂನಿನ ಏಳು ಗಂಟೆ ಹೋಯಿತು, ಓಣಿಯ ಏಳು ಗಂಟೆ ಕಟ್ಟೆಯ ಮೇಲೆ ಕುಂತೇ ಇದೆ. ಬಡ್ತಿ ಬಿಟ್ಟವಳು ಆಕೆ, ಆದ್ದರಿಂದ ಕಂಪನಿಯ ದಾಖಲೆಯಲ್ಲಿ ಹೆಂಗಸರಿಗೆ ಮಹತ್ವಾಕಾಂಕ್ಷೆ ಕಡಿಮೆ ಅಂತ ಇನ್ನೊಂದು ಗುಣ ಸೇರಿಕೊಳ್ಳುತ್ತದೆ.

ಮಗುವಿನ ವಿಷಯವೂ ಹೀಗೆಯೇ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕಾರ್ಖಾನೆಯಲ್ಲಿ ಶಿಶುವಿಹಾರ ಬೇಕು ಅಂತ 1948ರ ಕಾಯಿದೆ ಹೇಳುತ್ತಿತ್ತು. ಗಂಡಸರು ಮುನ್ನೂರಿದ್ದರೂ ಲೆಕ್ಕಕ್ಕಿರಲಿಲ್ಲ, ಅವರಿಗೆ ಮಕ್ಕಳೇ ಇಲ್ಲವಲ್ಲ! 2017ರ ಹೆರಿಗೆ ಭತ್ಯೆ ತಿದ್ದುಪಡಿ ಇದನ್ನು ಐವತ್ತು ನೌಕರರು ಅಂತ ಮಾಡಿತು, ಗಂಡು ಹೆಣ್ಣು ಭೇದವಿಲ್ಲ. ಆದರೂ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡುವು ಹೆಣ್ಣಿಗೆ ಮಾತ್ರ.

ನಾವು ಆಡುವ ಮಾತಿನಲ್ಲೂ ಇದೆಲ್ಲ ಕೂತಿದೆ. ನಮ್ಮ ಸೀಮೆಯಲ್ಲಿ 'ಹುಡುಗ ಬಂದ', ಆದರೆ 'ಹುಡುಗಿ ಬಂತು'. ಪ್ರೀತಿಯಿಂದಲೇ ಅನ್ನುತ್ತೇವೆ, ಒಪ್ಪಿದೆ. ಕರುವೂ ಬಂತು, ಬಸ್ಸೂ ಬಂತು. ಸೂಲಗಿತ್ತಿಗೆ ಪುಲ್ಲಿಂಗ ಇಲ್ಲ, ಮೇಸ್ತ್ರಿಗೆ ಸ್ತ್ರೀಲಿಂಗ ಇಲ್ಲ. 'ನಮ್ಮ ಯಜಮಾನ್ರು' ಅಂದರೆ ಗಂಡ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಅಂದಾಗ, ಎಷ್ಟೋ ಮನೆಗಳಲ್ಲಿ ಅತ್ತೆ ಯಜಮಾನಿಯೋ ಸೊಸೆ ಯಜಮಾನಿಯೋ ಅನ್ನುವ ಚರ್ಚೆ ಎದ್ದಿತು. ಮನೆಗೆ ಯಜಮಾನಿ ಅನ್ನುವವಳು ಒಬ್ಬಳಿದ್ದಾಳೆ ಅಂತ ಸರ್ಕಾರಿ ಕಾಗದದಲ್ಲಿ ಬಂದದ್ದೇ ದೊಡ್ಡದು. ಅದೇ ವರ್ಷ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಬಸ್ಸು ಹೊರಟಾಗ ಕಟ್ಟೆಯ ಮೇಲಿನವರು "ಹೆಂಗಸ್ರು ಸುಮ್ನೆ ತಿರುಗ್ತಾರೆ" ಅಂದರು. ಗಂಡಸು ಬೈಕ್ ಹತ್ತಿ ಸುಮ್ಮನೆ ತಿರುಗಿ ಬಂದರೆ ಅದಕ್ಕೆ 'ಒಂದು ರೌಂಡು' ಅಂತ ಹೆಸರು. ಕರೂರಿಗೆ ಕೆಲಸಕ್ಕೆ ಬರುವ ಹೆಂಗಸರಲ್ಲಿ ಬಸ್ ಚಾರ್ಜು ಉಳಿದವರನ್ನು ಕೇಳಿ, ಅವರು ಎಷ್ಟು ಸುಮ್ಮನೆ ತಿರುಗುತ್ತಾರೆ ಅಂತ ಹೇಳುತ್ತಾರೆ.

ಈ ಕಟ್ಟುಪಾಡು ಗಂಡಸನ್ನೂ ಬಿಡುವುದಿಲ್ಲ. ನನ್ನ ಸೋದರಮಾವ ಒಬ್ಬರು ಹರಿಹರದಲ್ಲಿ ಟರ್ನರ್ ಆಗಿದ್ದರು. ಕೆಲಸ ಮಾಡುತ್ತಿದ್ದ ಕಡೆ ಬೀಗ ಬಿದ್ದ ಮೇಲೆ ಅತ್ತೆ ಅಂಗನವಾಡಿಗೆ ಸೇರಿದರು. ಮಾವ ಮನೆಯಲ್ಲಿ. ಲೇತ್ ಮೇಲೆ ಕೂದಲಿನಷ್ಟು ಅಳತೆ ತಪ್ಪದ ಕೈ ಅದು, ರೊಟ್ಟಿಯನ್ನೂ ಅಷ್ಟೇ ದುಂಡಗೆ ತಟ್ಟಲು ಕಲಿಯಿತು. ಆದರೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾರಾದರೂ ಕೂಗಿದರೆ ಮೊದಲು ಕೈ ಒರೆಸಿಕೊಂಡು, ಪಕ್ಕದಲ್ಲಿದ್ದ ಪೇಪರ್ ಹಿಡಿದು, ಆಮೇಲೆ ಬಾಗಿಲು ತೆಗೆಯುತ್ತಿದ್ದರು. ಹತ್ತು ವರ್ಷ ಹಾಗೆ ನಡೆಯಿತು. ಬೀದಿಯವರಿಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ಕರೂರಿನ ಹೆಂಗಸು ದಾರ ಉದುರಿಸುವುದು, ಮಾವ ಕೈ ಒರೆಸಿಕೊಳ್ಳುವುದು ನನಗೆ ಒಂದೇ ಕಾಯಿಲೆಯ ಎರಡು ಲಕ್ಷಣದಂತೆ ಕಾಣುತ್ತವೆ. ಆದರೆ ಮಾವ ಮುಚ್ಚಿಟ್ಟದ್ದು ಅವಮಾನವನ್ನು. ಆಕೆ ಉದುರಿಸಿದ್ದು ಸಂಬಳ ತರುವ ಕೆಲಸದ ಗುರುತನ್ನು.

ಹೆಣ್ಣು ಗಂಡು ಅನ್ನುವ ಎರಡೇ ಸಾಲಿನಲ್ಲಿ ನಿಲ್ಲದವರ ಪಾಡು ಇನ್ನೊಂದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿ, ಮನೆ ಬಿಟ್ಟು ಬಂದು ದಾವಣಗೆರೆಯಲ್ಲಿ ದಿನ ದೂಡುತ್ತಿದ್ದಾಗ ಬಸ್ ನಿಲ್ದಾಣದಲ್ಲಿ ಅಪ್ಪ ಹಾಡುತ್ತಿದ್ದುದನ್ನು, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ನೋಡಿದರು. ಅಲ್ಲಿಂದ ಜೋಗತಿ ನೃತ್ಯದ ಹಾದಿ ಹಿಡಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಹೆಮ್ಮೆಯ ಕಥೆಯೇ. ಆದರೆ ಒಂದು ಮಾತು ಗಮನಿಸಿ: ಆಗ ಆಕೆಯ ಮುಂದೆ ಇದ್ದ ದಾರಿಗಳು ಭಿಕ್ಷೆ ಇಲ್ಲವೇ ಕೊಡ. ಊರಿನಲ್ಲಿ ಮಿಲ್ಲುಗಳೂ ಇದ್ದವು. ಮಿಲ್ಲಿನ ಗೇಟಿನಲ್ಲಿ ಎರಡೇ ಸಾಲು. ಸುಪ್ರೀಂ ಕೋರ್ಟು 2014ರಲ್ಲಿ ಮೂರನೇ ಲಿಂಗವನ್ನು ಗುರುತಿಸಿತು, ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1 ಮೀಸಲಾತಿ ಕೊಟ್ಟಿತು. ಖಾಸಗಿ ಗೇಟುಗಳಿಗೆ ಆ ಸುದ್ದಿ ಇನ್ನೂ ತಲುಪಬೇಕು.

ಕೊನೆಗೆ ಗೇಟೇ ಇಲ್ಲದ ಕಾರ್ಖಾನೆಗೆ ಬರುತ್ತೇನೆ. ದಾವಣಗೆರೆ, ಹರಿಹರದ ಎಷ್ಟೋ ಓಣಿಗಳಲ್ಲಿ ಮಧ್ಯಾಹ್ನ ಬಾಗಿಲ ಬಳಿ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತ ಹೆಂಗಸರು ಕಾಣುತ್ತಾರೆ. ಮೊರದಲ್ಲಿ ಬೀಡಿ ಎಲೆ, ತಂಬಾಕಿನ ಪುಡಿ, ದಾರ. ಮಾತಾಡುತ್ತಲೇ ಬೆರಳು ಓಡುತ್ತದೆ: ಎಲೆ ಸುರುಳಿ, ಪುಡಿ, ಮಡಿಕೆ, ದಾರದ ಒಂದು ಸುತ್ತು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಮಾಲು ತೆಗೆದುಕೊಳ್ಳುವವನು ಗಂಡಸು. ಕಟ್ಟಿನಿಂದ ಒಂದಷ್ಟು ತೆಗೆದು ಸರಿಯಿಲ್ಲ ಅಂತ ಪಕ್ಕಕ್ಕೆ ಹಾಕುವವನೂ ಅವನೇ. ಇವರಿಗಾಗಿ 1966ರಲ್ಲೇ ಒಂದು ಕಾಯಿದೆ ಬಂದಿತ್ತು, ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಅಂತ ಅದು ಒಪ್ಪಿತ್ತು. ಮನೆಯ ಗಂಡಸನ್ನು "ಮನ್ಯಾಗೆ ಏನ್ಮಾಡ್ತಾರೆ?" ಅಂತ ಕೇಳಿ ನೋಡಿ. "ಏನೂ ಇಲ್ಲ, ಮನ್ಯಾಗೇ ಇರ್ತಾಳೆ, ಬೀಡಿಗೀಡಿ ಕಟ್ತಾಳೆ." ಆ 'ಗೀಡಿ'ಯಲ್ಲೇ ಮಕ್ಕಳ ಫೀಸು, ಕರೆಂಟ್ ಬಿಲ್ಲು ಎಲ್ಲ ಇದೆ.

'ಏನೂ ಇಲ್ಲ' ಅನ್ನುವುದಕ್ಕೂ ಲೆಕ್ಕ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸು 97 ನಿಮಿಷ. ಅದೂ ಮಾಡುವ ಗಂಡಸರು ನಾಲ್ವರಲ್ಲಿ ಒಬ್ಬರು. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಹತ್ತು ನಿಮಿಷ ಉಳಿಯಿತಲ್ಲ ಅಂತ ಖುಷಿಪಟ್ಟರೆ, ಗಂಡಸರೂ 88ಕ್ಕೆ ಇಳಿದು ತಮ್ಮ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ.

ಈ ದುಡಿಮೆಗೆ ನಮ್ಮ ವ್ಯವಸ್ಥೆ ಬೆಲೆ ಕಟ್ಟುವುದು ಹೆಚ್ಚಾಗಿ ಆಕೆ ಸತ್ತ ಮೇಲೆ. ಹೆದ್ದಾರಿಯಲ್ಲಿ ಅಪಘಾತವಾಗಿ ಗೃಹಿಣಿ ತೀರಿಕೊಂಡರೆ ಪರಿಹಾರದ ಲೆಕ್ಕಕ್ಕೆ ಮೋಟಾರು ವಾಹನ ಕಾಯಿದೆಯ ಹಳೆಯ ಅನುಸೂಚಿಯಲ್ಲಿ ಒಂದು ಸೂತ್ರ ಇತ್ತು: ಗಳಿಸುವ ಸಂಗಾತಿಯ ಆದಾಯದ ಮೂರನೇ ಒಂದು ಭಾಗ. ಗಂಡನ ಸಂಬಳ ಕಡಿಮೆ ಇದ್ದರೆ ಆಕೆಯ ಅಡುಗೆಯೂ ಅಗ್ಗ! 2010ರಲ್ಲಿ ಸುಪ್ರೀಂ ಕೋರ್ಟು ಇಂಥದೊಂದು ಪ್ರಕರಣದಲ್ಲಿ ಈ ಲೆಕ್ಕವನ್ನು ಟೀಕಿಸಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಇನ್ನೊಂದನ್ನು ಎತ್ತಿ ತೋರಿಸಿದರು: 2001ರ ಜನಗಣತಿಯಲ್ಲಿ ಮನೆಗೆಲಸ ಮಾಡುವ ಸುಮಾರು 36 ಕೋಟಿ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ಸೇರಿಸಿ 'ಕೆಲಸ ಮಾಡದವರು' ಅಂತ ಬರೆದಿದ್ದರು.

ಬರೆದವರು ಗಣತಿದಾರರು, ಬರೆಸಿದವರು ನಾವು. 2027ರ ಜನಗಣತಿಗೆ ಅವರು ಮತ್ತೆ ನಮ್ಮ ಬಾಗಿಲಿಗೆ ಬರುತ್ತಾರೆ, ಹೆಚ್ಚಾಗಿ ನಮ್ಮ ಊರಿನ ಶಾಲೆಯ ಮೇಷ್ಟ್ರೋ ಟೀಚರೋ. ಮನೆಯಾಕೆ ಏನು ಮಾಡುತ್ತಾರೆ ಅಂತ ಕೇಳಿದಾಗ ಒಳಗಿನಿಂದ ಗಂಡಸು "ಏನಿಲ್ಲ ಸಾರ್" ಅಂತ ಕೂಗುವುದು ಬೇಡ. ಆಕೆಯೇ ಹೇಳಲಿ. ಬೀಡಿ ಕಟ್ಟುತ್ತಿದ್ದರೆ ಬೀಡಿ ಕಟ್ಟುತ್ತೇನೆ, ಹೊಲಿಯುತ್ತಿದ್ದರೆ ಹೊಲಿಯುತ್ತೇನೆ, ಹೂ ಕಟ್ಟಿ ಮಾರುತ್ತಿದ್ದರೆ ಹೂ ಮಾರುತ್ತೇನೆ ಅಂತಲೇ ಬರೆಸಿ. ವರ್ಷಕ್ಕೆ ಎಷ್ಟು ತಿಂಗಳು ಅಂತ ಕೇಳುತ್ತಾರೆ, ಅದನ್ನೂ ಲೆಕ್ಕ ಹಾಕಿ ಹೇಳಿ. ನಮ್ಮ ಜನಗಣತಿಯಲ್ಲಿ 'ಗೃಹ ಕೈಗಾರಿಕೆ' ಅನ್ನುವ ವರ್ಗ ದಶಕಗಳಿಂದಲೂ ಇದೆ.